ದಂಡಿನ ಬುತ್ತಿಯ ಲೆಕ್ಕ

ಇತಿಹಾಸಕಾರರು ಕಾಳಗದ ದಿನವನ್ನು ವಿಸ್ತಾರವಾಗಿ ಬಣ್ಣಿಸುತ್ತಾರೆ. ಆ ದಿನಕ್ಕೆ ಮೊದಲು ತಿಂಗಳುಗಟ್ಟಲೆ ಸಿಪಾಯಿಯು ಏನನ್ನು ಉಂಡನು, ಅದನ್ನು ಯಾರು ಹೊತ್ತು ತಂದರು, ಅದು ಯಾರ ಹೊಲದಲ್ಲಿ ಬೆಳೆದಿತ್ತು ಎಂಬುದನ್ನು ಹೇಳುವವರು ವಿರಳ. ನಮ್ಮ ಪೂರ್ವಿಕರು ಈ ಸಂಗತಿಯನ್ನು ಮರೆತಿರಲಿಲ್ಲ. ಹಳಗನ್ನಡದಲ್ಲಿ ಜೋಳವಾಳಿ ಎಂಬ ಒಂದು ಮಾತುಂಟು. ಒಡೆಯನು ಇಕ್ಕಿದ ಜೋಳವನ್ನು ಉಂಡ ಆಳು ಅದರ ಋಣವನ್ನು ರಣರಂಗದಲ್ಲಿ ತೀರಿಸಬೇಕೆಂಬ ಧರ್ಮಕ್ಕೆ ಆ ಹೆಸರು. ವೀರಗಲ್ಲುಗಳನ್ನೂ ಪಂಪನ ಕಾವ್ಯವನ್ನೂ ಓದಿದವರಿಗೆ ಇದು ಹೊಸತಲ್ಲ. ಯೋಧನ ನಿಷ್ಠೆಗೆ ಅವನು ಉಂಡ ಕಾಳಿನ ಹೆಸರನ್ನೇ ಇಟ್ಟ ನಾಡು ನಮ್ಮದು.

ಈ ಮಾತನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ನನಗೆ ಕನ್ನಡವನ್ನು ಅರಿಯದ ಒಬ್ಬ ಪರದೇಶದ ಸೇನಾಪತಿಯ ನೆನಪಾಗುತ್ತದೆ. ಅವನು ಆರ್ಥರ್ ವೆಲ್ಲೆಸ್ಲಿ. ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ವಿದ್ಯಾರ್ಥಿಗಳೆಲ್ಲರೂ ಅವನನ್ನು ಬಲ್ಲರು. ಆದರೆ ಆ ಗೆಲುವಿಗೆ ಹದಿನೈದು ವರ್ಷ ಮೊದಲೇ ಅವನು ತುಂಗಭದ್ರೆಗೂ ಕೃಷ್ಣೆಗೂ ನಡುವಣ ನಾಡಿನಲ್ಲಿ ಅಕ್ಕಿಯ ಚೀಲಗಳನ್ನೂ ಹೇರೆತ್ತುಗಳನ್ನೂ ಎಣಿಸುತ್ತ ತನ್ನ ವಿದ್ಯೆಯನ್ನು ಕಲಿತನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆಗೂ ಆ ವಿದ್ಯೆಗೂ ಸಂಬಂಧವಿದೆ. ಆದುದರಿಂದ ಅವನ ಚರಿತ್ರೆಯನ್ನು ಬುತ್ತಿಯ ದಾರಿಯಿಂದ ಹೇಳಲು ಇಲ್ಲಿ ಯತ್ನಿಸಿದ್ದೇನೆ.

ವೆಲ್ಲೆಸ್ಲಿ ಹುಟ್ಟಿದ್ದು 1769ರಲ್ಲಿ, ಐರ್ಲೆಂಡಿನ ಒಂದು ಶ್ರೀಮಂತ ಮನೆತನದಲ್ಲಿ. ತಂದೆ ಸಂಗೀತಗಾರ. ಮಗನಿಗೂ ಪಿಟೀಲಿನ ಹುಚ್ಚಿತ್ತು. ಓದಿನಲ್ಲಿ ಹೇಳಿಕೊಳ್ಳುವಂಥ ಗತಿಯಿರಲಿಲ್ಲ. ಬೇರೆ ಯಾವ ವೃತ್ತಿಗೂ ಒದಗನೆಂದು ಮನೆಯವರು ಅವನನ್ನು ಸೈನ್ಯಕ್ಕೆ ಸೇರಿಸಿದರು. 1793ರಲ್ಲಿ ಅವನು ತನ್ನ ಪಿಟೀಲುಗಳನ್ನು ಕೈಯಾರೆ ಸುಟ್ಟುಹಾಕಿ, ಇನ್ನು ಕತ್ತಿಯೇ ತನ್ನ ಕಸುಬೆಂದು ನಿಶ್ಚಯಿಸಿದನು. ಮರುವರ್ಷ ಫ್ಲಾಂಡರ್ಸಿನಲ್ಲಿ ಫ್ರೆಂಚರ ವಿರುದ್ಧ ನಡೆದ ಯುದ್ಧಕ್ಕೆ ತನ್ನ ದಳದೊಡನೆ ಹೋದನು. 1794–95ರ ಆ ಚಳಿಗಾಲ ಭೀಕರವಾಗಿತ್ತು. ಮೇಲಧಿಕಾರಿಗಳು ದೂರದ ಊರುಗಳಲ್ಲಿ ಬೆಚ್ಚಗೆ ಕುಳಿತಿದ್ದರು. ಹಿಮದಲ್ಲಿ ನಿಂತ ಸಿಪಾಯಿಗೆ ಹೊದಿಕೆಯೂ ಇಲ್ಲ, ರೊಟ್ಟಿಯೂ ಇಲ್ಲ. ಗುಂಡಿಗಿಂತ ಹಸಿವು, ಚಳಿ, ಬೇನೆಗಳಿಂದ ಸತ್ತವರೇ ಅಧಿಕ. ಯುದ್ಧವನ್ನು ಹೇಗೆ ನಡೆಸಬಾರದೆಂಬುದನ್ನು ತಾನು ಅಲ್ಲಿ ಕಲಿತೆನೆಂದು ಅವನು ಮುಪ್ಪಿನಲ್ಲಿಯೂ ಹೇಳುತ್ತಿದ್ದನಂತೆ.

1797ರ ಫೆಬ್ರುವರಿಯಲ್ಲಿ ಅವನು ಕಲಕತ್ತೆಯಲ್ಲಿ ಇಳಿದನು. ಮರುವರ್ಷ ಅವನ ಅಣ್ಣ ರಿಚರ್ಡನೇ ಗವರ್ನರ್ ಜನರಲ್ಲನಾಗಿ ಬಂದನು. ಟಿಪ್ಪು ಸುಲ್ತಾನನ ಮೇಲೆ ಯುದ್ಧದ ಸನ್ನಾಹ ಮೊದಲಾಯಿತು. ವೇಲೂರಿನ ಕಡೆ ಕಾಳುಕಡಿ, ಎತ್ತು, ಸಾಮಗ್ರಿಗಳನ್ನು ಕೂಡಿಸುವ ಕೆಲಸ ತಮ್ಮನ ಪಾಲಿಗೆ ಬಂದಿತು. ಇಷ್ಟು ಸಿದ್ಧತೆಯಾದರೂ ಆ ದಂಡಯಾತ್ರೆ ಅನ್ನಕ್ಕಾಗಿ ಸೋಲುವುದರಲ್ಲಿತ್ತು. ಸುಲ್ತಾನನ ಸವಾರರು ದಾರಿಯ ಮೇವನ್ನೆಲ್ಲ ಸುಟ್ಟರು. ಮೇವಿಲ್ಲದೆ ಹೇರೆತ್ತುಗಳು ಸಾವಿರಗಟ್ಟಲೆ ಬಿದ್ದು ಸತ್ತವು. ಎತ್ತು ಸತ್ತಲ್ಲಿ ಅಕ್ಕಿಯೂ ಉಳಿಯಿತು. 1799ರ ಏಪ್ರಿಲ್ ನಡುವಿನಲ್ಲಿ ಅಕ್ಕಿಯನ್ನು ಅಳೆದು ನೋಡಿದಾಗ, ಕಾದುವ ಆಳುಗಳಿಗೆ ಅರ್ಧ ಪಡಿಯಂತೆ ಕೊಟ್ಟರೂ 18 ದಿನಕ್ಕೆ ಮಾತ್ರ ಸಾಕೆಂದು ತಿಳಿದುಬಂದಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಇನ್ನು ಕೆಲವು ದಿನ ಕೋಟೆ ನಿಂತಿದ್ದರೆ ಮುತ್ತಿಗೆ ಹಾಕಿದವರೇ ಹಸಿವಿನಿಂದ ಹಿಂದಿರುಗಬೇಕಾಗುತ್ತಿತ್ತು.

ಪಟ್ಟಣದ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂದಿತು. ಸೂರೆಯಲ್ಲಿ ತೊಡಗಿದ್ದವರಲ್ಲಿ ನಾಲ್ವರನ್ನು ಗಲ್ಲಿಗೇರಿಸಿ ಅವನು ಊರಿನಲ್ಲಿ ಶಾಂತಿಯನ್ನು ನೆಲೆಗೊಳಿಸಿದನು. ತಾನು ದರಿಯಾ ದೌಲತ್ ಬಾಗಿನಲ್ಲಿ ಬಿಡಾರ ಮಾಡಿದನು. ಅಲ್ಲಿ ಅವನ ಕಣ್ಣಿಗೆ ಬಿದ್ದ ಐಶ್ವರ್ಯಗಳಲ್ಲಿ ಒಂದು ಅಮೃತಮಹಲಿನ ದನಗಳು. ಮೈಸೂರು ಒಡೆಯರ ಕಾಲದಿಂದ ಬೆಳೆದುಬಂದ ಆ ತಳಿಯ ಎತ್ತುಗಳು ನಡಿಗೆಯಲ್ಲಿಯೂ ಸಹನೆಯಲ್ಲಿಯೂ ಹೆಸರಾದವು. ಹೈದರನ ಮಿಂಚಿನಂಥ ಓಟಗಳ ಗುಟ್ಟು ಇವುಗಳ ಕಾಲಿನಲ್ಲಿದೆಯೆಂಬುದನ್ನು ಅವನು ಬೇಗನೆ ಅರಿತುಕೊಂಡನು. ಎತ್ತು ಒಳ್ಳೆಯದಿಲ್ಲದೆ ಸೈನ್ಯ ವೇಗವಾಗಿ ನಡೆಯಲಾರದು ಎಂಬುದು ಮುಂದೆ ಅವನ ಮಾತುಗಳಲ್ಲೆಲ್ಲ ಮೂಲಸೂತ್ರವಾಯಿತು.

ಇಲ್ಲಿ ಅಂದಿನ ದಂಡುಗಳ ಬುತ್ತಿಗಳನ್ನು ಒಂದರ ಮಗ್ಗುಲಲ್ಲಿ ಒಂದಿಟ್ಟು ನೋಡುವುದು ಉಚಿತ. ಮೊದಲನೆಯದು ಮರಾಠಾ ಸವಾರನದು. ಒಂದನೆಯ ಬಾಜೀರಾಯನ ಚಿತ್ರವನ್ನು ಬರೆದು ತರಲು ನಿಜಾಮನು ಕಲಾವಿದನೊಬ್ಬನನ್ನು ಕಳುಹಿಸಿದನೆಂದೂ, ಕುದುರೆಯ ಮೇಲೆ ಕುಳಿತು ಭರ್ಜಿಯನ್ನು ಹೆಗಲಿಗಿಟ್ಟು ಜೋಳದ ತೆನೆಗಳನ್ನು ಅಂಗೈಯಲ್ಲಿ ತಿಕ್ಕಿ ತಿನ್ನುತ್ತಿದ್ದ ಪೇಶ್ವೆಯನ್ನೇ ಅವನು ಬರೆದು ತಂದನೆಂದೂ ಒಂದು ಕಥೆಯುಂಟು. ಸವಾರನ ಬುತ್ತಿ ಅಷ್ಟೇ: ಹುರಿದ ಕಾಳು, ಒಣಗಿದ ರೊಟ್ಟಿ, ಒಂದು ಉಳ್ಳಾಗಡ್ಡಿ. ಬೆಂಕಿ ಬೇಡ, ಪಾತ್ರೆ ಬೇಡ, ಹೇರೆತ್ತು ಬೇಡ. ಇದಕ್ಕಿಂತ ಹಗುರವಾದ ಬುತ್ತಿ ಇನ್ನೊಂದಿಲ್ಲ. ಆದರೆ ಅದು ಎರಡು ಮೂರು ದಿನಕ್ಕೆ ತೀರುತ್ತದೆ. ಆಮೇಲಿನದು ದಾರಿಯ ಹಳ್ಳಿಯಿಂದ ಬರಬೇಕು. ಕೊಟ್ಟರೆ ಅದಕ್ಕೆ ಘಾಸದಾಣಾ ಎಂಬ ತೆರಿಗೆಯ ಹೆಸರು; ಕೊಡದಿದ್ದರೆ ಸುಲಿಗೆ.

ಎರಡನೆಯದು ಕಂಪನಿಯ ದೇಶೀ ಸಿಪಾಯಿಯದು. ಅವನಿಗೆ ಅಕ್ಕಿ. ಸಾಮಾನ್ಯವಾಗಿ ಅವನು ತನ್ನ ಸಂಬಳದಿಂದ ದಂಡಿನ ಬಜಾರಿನಲ್ಲಿ ಕೊಂಡು ತಾನೇ ಅಟ್ಟು ಉಣ್ಣುತ್ತಿದ್ದನು. ಅಕ್ಕಿ ಸಿಕ್ಕದ ಕಡೆ ಸರಕಾರವು ಪಡಿ ಅಳೆಯುತ್ತಿತ್ತು. ಅಕ್ಕಿ ತಿಂಗಳುಗಟ್ಟಲೆ ಕೆಡದು. ಆದರೆ ಅದನ್ನು ಬೇಯಿಸಲು ನೀರು, ಸೌದೆ, ಪಾತ್ರೆ, ಬಿಡುವು ಎಲ್ಲವೂ ಬೇಕು. ಜಾತಿಕಟ್ಟಳೆಯಿಂದ ಒಲೆಗಳೂ ಬೇರೆಬೇರೆ. ಆದುದರಿಂದಲೇ ದಂಡು ನಸುಕಿನಲ್ಲಿ ಹೊರಟು, ಬಿಸಿಲೇರುವ ಮುನ್ನ ನೀರಿನ ಆಶ್ರಯವಿದ್ದಲ್ಲಿ ಇಳಿಯಬೇಕಾಗುತ್ತಿತ್ತು. ಈ ಬಜಾರಿಗೆ ಕಾಳು ತರುವವರು ನಮ್ಮ ಕಡೆ ಲಮಾಣಿಗರೆಂದು ಕರೆಯುವ ಜನ. ಸಾವಿರಾರು ಎತ್ತುಗಳ ಬೆನ್ನಿನ ಮೇಲೆ ಧಾನ್ಯ ಹೇರಿಕೊಂಡು, ಕಾದಾಡುವ ಎರಡು ಪಕ್ಷಕ್ಕೂ ಸೇರದೆ, ಬೆಲೆ ಬಂದಲ್ಲಿ ಮಾರುವುದು ಅವರ ವ್ಯಾಪಾರ.

ಮೂರನೆಯದು ಗೋರಾ ಸಿಪಾಯಿಯದು: ಮಾಂಸ, ರೊಟ್ಟಿ ಇಲ್ಲವೆ ಬಿಸ್ಕತ್ತು, ಮತ್ತು ಸಾರಾಯಿ. ಇಂದಿನ ಮಕ್ಕಳು ತಿನ್ನುವ ಸಿಹಿ ಬಿಸ್ಕತ್ತಲ್ಲ ಅದು. ಹಿಟ್ಟನ್ನು ನೀರಿನಲ್ಲಿ ಕಲಸಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ಸುಟ್ಟ ಬಿಲ್ಲೆ. ಒಲೆಯ ಹಂಗಿಲ್ಲ, ತೇವ ತಗುಲದಿದ್ದರೆ ಬಹುಕಾಲ ಬಾಳುತ್ತದೆ. ಆದರೆ ಹೊರುವ ಭಾರ ವಿಪರೀತ. ಇವುಗಳಿಗೆ ಮೈಸೂರಿನ ರಾಗಿಯನ್ನೂ ಸೇರಿಸಬಹುದು. ಹಗೇವಿನಲ್ಲಿ ಹಾಕಿದರೆ ವರ್ಷಗಟ್ಟಲೆ ಹುಳ ಹಿಡಿಯದ ಕಾಳು ಅದು; ಹೈದರ್ ಟಿಪ್ಪುಗಳ ಪದಾತಿಗಳಲ್ಲಿ ಅನೇಕರು ಅದನ್ನುಂಡು ಬೆಳೆದವರು. ಅಕ್ಕಿ ತಿಂದವನು ಹಕ್ಕಿ, ಜೋಳ ತಿಂದವನು ತೋಳ, ರಾಗಿ ತಿಂದವನು ನಿರೋಗಿ ಎಂದು ಹಿರಿಯರು ಆಡಿಕೊಳ್ಳುವುದುಂಟು.

ವೆಲ್ಲೆಸ್ಲಿಯ ಚಿಂತೆ ಬೇರೆಯಾಗಿತ್ತು. ಯಾವ ಅನ್ನದಿಂದ ಕಸುವು ಹೆಚ್ಚೆಂಬುದಕ್ಕಿಂತ, ಯಾವ ಅನ್ನ ತಪ್ಪದೆ ಬಂದು ಮುಟ್ಟುತ್ತದೆ ಎಂಬುದನ್ನು ಅವನು ನೋಡಿದನು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದಾಗ ಇದು ಸ್ಪಷ್ಟವಾಯಿತು. ಚನ್ನಗಿರಿಯ ಕಡೆಯ ಈ ಸಾಹಸಿ ಟಿಪ್ಪುವಿನ ಸೆರೆಯಿಂದ ಹೊರಬಿದ್ದು, ಸಾವಿರಾರು ಸವಾರರನ್ನು ಕೂಡಿಸಿಕೊಂಡು, ಉಭಯಲೋಕಾಧೀಶ್ವರನೆಂದು ಬಿರುದನ್ನು ಹೊತ್ತಿದ್ದನು. ಅವನದು ಮೊದಲನೆಯ ಬಗೆಯ ಬುತ್ತಿ. ಹೋದಲ್ಲಿ ಹಳ್ಳಿಯೇ ಕಣಜ. ವೆಲ್ಲೆಸ್ಲಿಯಾದರೋ ಮಳೆಗಾಲದಲ್ಲಿ ತುಂಬಿದ ಹೊಳೆಗಳ ದಂಡೆಯಲ್ಲಿ ಕಾಯುತ್ತ, ತಂದ ಕಾಳು ಕುಳಿತಲ್ಲಿಯೇ ಕರಗುವುದನ್ನು ನೋಡಬೇಕಾಯಿತು. ಆದರೂ ಅವನು ಆತುರಪಡಲಿಲ್ಲ. ಹಿಂದಿನ ದಾರಿಯನ್ನು ಭದ್ರಪಡಿಸುತ್ತ, ಕುಂದಗೋಳ, ಡಂಬಳಗಳನ್ನು ಹಿಡಿಯುತ್ತ ಮುಂದುವರಿದು, ಜುಲೈ 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯ ಬಳಿ ಶತ್ರುವಿನ ಬಿಡಾರದ ಮೇಲೆ ಬಿದ್ದು ಅವನ ಸಾಮಾನು ಸರಂಜಾಮುಗಳನ್ನು ಕೆಡಿಸಿದನು. ಬುತ್ತಿ ಹೋದ ಮೇಲೆ ದಂಡು ಕರಗತೊಡಗಿತು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಧೋಂಡಿಯಾ ಮಡಿದನು. ಅವನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕುವ ಏರ್ಪಾಡು ಮಾಡಿ, ದೇಶ ಬಿಡುವಾಗ ಅವನಿಗಾಗಿ ಹಣವನ್ನೂ ಇಟ್ಟು ಹೋದನು.

ಮರಾಠರೊಡನೆ ಯುದ್ಧವಾಗಬಹುದೆಂದು ತೋರಿದಾಗ ಅವನು ಬರೆದ ಸಿದ್ಧತೆಯ ಟಿಪ್ಪಣಿಗಳು ಕಿರಾಣಿ ಅಂಗಡಿಯ ಖಾತೆಯನ್ನು ಹೋಲುತ್ತವೆ. ಉಪ್ಪು ಹಾಕಿದ ಮಾಂಸವನ್ನು ಪೀಪಾಯಿಗೆ 54 ಪೌಂಡಿನಂತೆ ತುಂಬಬೇಕು; ಬಿಸ್ಕತ್ತನ್ನು 60 ಪೌಂಡಿನ ದುಂಡು ಬುಟ್ಟಿಗಳಲ್ಲಿಟ್ಟು ಮೇಣಗಪ್ಪಡ ಹೊದಿಸಬೇಕು; ಸಾರಾಯಿಯ ಪೀಪಾಯಿ 6 ಗ್ಯಾಲನ್ನಿನದಾಗಿರಬೇಕು. ಈ ಅಂಕಿಗಳು ಅರ್ಥವಿಲ್ಲದವಲ್ಲ. ಎಲ್ಲವೂ ಸುಮಾರು ಒಂದೇ ತೂಕಕ್ಕೆ ಬರುತ್ತವೆ. ಎತ್ತಿನ ಬೆನ್ನಿನ ಎಡಕ್ಕೊಂದು ಬಲಕ್ಕೊಂದು ಹಾಕಿದರೆ ಹೇರು ಸಮನಾಗುತ್ತದೆ. ಓದುಗರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಆಳಿಗೆ ದಿನಕ್ಕೆ 2 ಪೌಂಡು ಕಾಳು, ಎತ್ತಿಗೆ 120 ಪೌಂಡಿನ ಹೇರು ಎಂದು ಹಿಡಿದರೆ, 10,000 ಆಳುಗಳ ಒಂದು ತಿಂಗಳ ಊಟಕ್ಕೆ 5,000 ಎತ್ತುಗಳು ಬೇಕು. ಆಳಿಗಿಂತ ಹಲವು ಪಟ್ಟು ಹೆಚ್ಚಾಗಿದ್ದ ಪರಿವಾರದ ಜನ, ಕುದುರೆಯ ಹುರುಳಿ, ಎತ್ತಿನ ಮೇವು ಇವು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

1803ರ ಮಾರ್ಚಿನಲ್ಲಿ, ಪುಣೆಯಿಂದ ಓಡಿಹೋಗಿದ್ದ ಎರಡನೆಯ ಬಾಜೀರಾಯನನ್ನು ಮತ್ತೆ ಗಾದಿಯ ಮೇಲೆ ಕೂರಿಸುವ ನೆಪದಿಂದ ಅವನು ಹರಿಹರದ ಕಡೆಯಿಂದ ಹೊರಟನು. ಸಂಗಡ ಕಂಪನಿಯ ಸುಮಾರು 10,000 ಜನ, ಮೈಸೂರಿನ 2,400 ಸವಾರರು. ದಿವಾನ್ ಪೂರ್ಣಯ್ಯನವರ ದಕ್ಷತೆಯಿಂದ ಮೈಸೂರಿನ ಕಾಳು ಮತ್ತು ಎತ್ತುಗಳು ಬೆನ್ನಿಗಿದ್ದವು. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಈ ಮೂರನ್ನೂ ಮಳೆಗಾಲಕ್ಕೆ ಮುನ್ನವೇ ದಾಟಿ ಏಪ್ರಿಲ್ ಮೊದಲಲ್ಲಿ ಮಿರಜವನ್ನು ಮುಟ್ಟಿದನು. ಧಾರವಾಡದ ಕಡೆಯಿಂದ ಮಿರಜಕ್ಕೆ ಹೋಗುವ ಯಾವ ದಂಡಾದರೂ ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಆಸುಪಾಸಿನಲ್ಲಿಯೇ ಹಾದುಹೋಗಬೇಕು. ಹಿಂಗಾರು ಜೋಳ ಮನೆ ಸೇರಿ ಹಗೇವು ತುಂಬುವ ಕಾಲವದು. ಹೊಲ ಬರಿದು, ಮೇವು ಬಣವೆಯಲ್ಲಿ.

ಆ ದಿನಗಳಲ್ಲಿ ನಮ್ಮ ಸೀಮೆಯ ರೈತನು ದಂಡಿನ ಧೂಳನ್ನು ಕಂಡು ನಡುಗುವುದಕ್ಕೆ ಕಾರಣಗಳಿದ್ದವು. ಚಿಕ್ಕೋಡಿ ಮುನವಳ್ಳಿಗಳಿಗಾಗಿ ಕೊಲ್ಲಾಪುರ ಮತ್ತು ನಿಪ್ಪಾಣಿಗಳ ನಡುವೆ ಬಹುಕಾಲದ ಕಲಹವಿತ್ತು. ಯಾರು ಗೆದ್ದರೂ ಬಣವೆ ರೈತನದೇ ಹೋಗುತ್ತಿತ್ತು. ವೆಲ್ಲೆಸ್ಲಿಯ ಕಟ್ಟಪ್ಪಣೆ ಬೇರೆ ಬಗೆಯದು: ಕೊಂಡುದಕ್ಕೆ ರೊಕ್ಕ, ಸುಲಿದವನಿಗೆ ಶಿಕ್ಷೆ. ಸುಲಿದರೆ ಮುಂದಿನ ಹಳ್ಳಿ ಖಾಲಿಯಾಗುತ್ತದೆ, ಕಾಳು ನೆಲದಡಿ ಅಡಗುತ್ತದೆ. ಕೊಂಡರೆ ಸಂತೆ ತಾನಾಗಿಯೇ ದಂಡಿನ ಬಾಗಿಲಿಗೆ ಬರುತ್ತದೆ. ಮಳೆಗಾಲದಲ್ಲಿಯೂ ಹಿಂದಿನಿಂದ ಸಾಮಗ್ರಿ ಬರುವಂತೆ ಮೂರು ಹೊಳೆಗಳಲ್ಲಿಯೂ ಹರಿಗೋಲುಗಳನ್ನು ಸಿದ್ಧಪಡಿಸಲು ಅವನು ಆಜ್ಞೆ ಮಾಡಿದನು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರನೂ ಅವನೊಡನೆ ಕೂಡಿಕೊಂಡನು. ಇಂಗ್ಲಿಷರ ಕಾಗದಗಳಲ್ಲಿ ಅವನಿಗೆ ಅಪ್ಪಾ ದೇಸಾಯಿ ಎಂದೇ ಹೆಸರು. ಹೀಗೆ ಜೋಳದ ಬುತ್ತಿಯ ನಮ್ಮ ಕಡೆಯ ಸವಾರರೂ, ಅಕ್ಕಿಯ ಸಿಪಾಯಿಗಳೂ, ಬಿಸ್ಕತ್ತಿನ ಗೋರಾಗಳೂ ಒಂದೇ ದಾರಿಯಲ್ಲಿ ನಡೆದರು.

ಏಪ್ರಿಲ್ 20ರಂದು ಅವನು ಪುಣೆಯನ್ನು ಸೇರಿದನು. ಆಗಸ್ಟಿನಲ್ಲಿ ಅಹಮದನಗರದ ಕೋಟೆಯನ್ನು ಹಿಡಿದು ಮೊದಲು ಅದನ್ನು ಉಗ್ರಾಣವಾಗಿ ಮಾಡಿಕೊಂಡನು. ಸೆಪ್ಟೆಂಬರ್ 23ರಂದು ಅಸಾಯಿ, ನವೆಂಬರ್ 29ರಂದು ಅರಗಾಂವ್. ಸಿಂಧ್ಯ ಭೋಸಲೆಯರ ಬಲ ಮುರಿಯಿತು. ಅಸಾಯಿಯ ಕಾಳಗ ತನ್ನ ಎಲ್ಲ ಕಾಳಗಗಳಲ್ಲಿಯೂ ಶ್ರೇಷ್ಠವಾದುದೆಂದು ಅವನು ಮುಂದೆಯೂ ಎಣಿಸಿದನು. ಆ ವರ್ಷವೇ ಸೈನ್ಯಗಳ ಸುಲಿಗೆಯೂ ಮಳೆಯ ಅಭಾವವೂ ಕೂಡಿ ದಖ್ಖಣದಲ್ಲಿ ಘೋರವಾದ ಬರ ಬಿದ್ದಿತು. 1804ರಲ್ಲಿ ಅಹಮದನಗರದಲ್ಲಿ ದುಡಿಯಬಲ್ಲವರಿಗೆ ಕೆಲಸವನ್ನೂ ದುಡಿಯಲಾರದವರಿಗೆ ಅನ್ನವನ್ನೂ ಕೊಡಿಸುವ ವ್ಯವಸ್ಥೆಯನ್ನು ಅವನು ಮಾಡಿದನು. ದಂಡಿಗೆ ಪಡಿ ಅಳೆದ ಕೈಯೇ ಹಸಿದ ಊರಿಗೂ ಅಳೆಯಬೇಕಾಯಿತು.

1805ರ ಮಾರ್ಚಿನಲ್ಲಿ ಅವನು ಭಾರತವನ್ನು ಬಿಟ್ಟನು. ಇಲ್ಲಿ ಕಲಿತ ಪಾಠ ಪೋರ್ಚುಗಲ್, ಸ್ಪೇನುಗಳಲ್ಲಿ ಫಲಿಸಿತು. ಅಲ್ಲಿ ಅವನ ಸಿಪಾಯಿಗೆ ದಿನದ ಪಡಿ ಒಂದು ಪೌಂಡು ಮಾಂಸ, ಒಂದು ಪೌಂಡು ಬಿಸ್ಕತ್ತು ಅಥವಾ ಒಂದೂವರೆ ಪೌಂಡು ರೊಟ್ಟಿ, ಅಳತೆಯ ಮದ್ಯ. ಎತ್ತಿನ ಬದಲು ಹೇಸರಗತ್ತೆ. ಮೈಸೂರಿನ ಎತ್ತುಗಳು ತನಗೆ ಅಲ್ಲಿಲ್ಲವಲ್ಲಾ ಎಂದು ಅವನು ಹಂಬಲಿಸಿದನೆಂದು ಹೇಳುತ್ತಾರೆ. ಫ್ರೆಂಚರು ಪರನಾಡಿನ ಹಳ್ಳಿಗಳನ್ನು ಕಣಜವೆಂದು ಬಗೆದರು. 1810ರ ಮಳೆಗಾಲದಿಂದ ಮರುವರ್ಷದ ಮಾರ್ಚಿನವರೆಗೆ ಲಿಸ್ಬನ್ನಿನ ಹೊರಗಿನ ಟೊರಿಸ್ ವೆಡ್ರಾಸ್ ರೇಖೆಗಳ ಮುಂದೆ ಅವರ ಸೈನ್ಯ ಬರಿದಾದ ನಾಡಿನಲ್ಲಿ ಹಸಿದು ಹಿಂದೆಗೆಯಿತು; ರೇಖೆಗಳ ಒಳಗೆ ವೆಲ್ಲೆಸ್ಲಿಯ ಜನಕ್ಕೆ ಹಡಗಿನಿಂದ ಅನ್ನ ಬರುತ್ತಿತ್ತು. ಆ ನಾಡನ್ನು ಬರಿದು ಮಾಡಿಸಿದವನೂ ಅವನೇ ಎಂಬುದನ್ನು, ಅದರಿಂದ ಪೋರ್ಚುಗಲ್ಲಿನ ರೈತರು ಪಟ್ಟ ಪಾಡನ್ನು ಮರೆಯಬಾರದು. 1813ರಲ್ಲಿ ಭಾರವಾದ ಕಬ್ಬಿಣದ ಹಂಡೆಗಳನ್ನು ತೆಗೆದು ಹಗುರವಾದ ತಗಡಿನ ಪಾತ್ರೆಗಳನ್ನು ಸಿಪಾಯಿಗಳಿಗೆ ಕೊಡಿಸಿ, ಹಾಗೆ ಬಿಡುವಾದ ಹೇಸರಗತ್ತೆಗಳ ಮೇಲೆ ಅವರಿಗೆ ಗುಡಾರಗಳನ್ನು ಹೇರಿಸಿದನು. ಆಹಾರವನ್ನು ಬಿಸಿ ಮಾಡಿ ಗಾಳಿಯಾಡದಂತೆ ಮುಚ್ಚಿಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಅಡಿಗೆಯವನು 1810ರಲ್ಲಿ ಪ್ರಕಟಿಸಿದ್ದನು. ಆದರೆ ಡಬ್ಬಿಯ ಅನ್ನ ದಂಡಿನ ನಿತ್ಯದ ಬುತ್ತಿಯಾಗಲು ಇನ್ನೂ ಬಹುಕಾಲ ಹಿಡಿಯಿತು.

ಸಾವಿರಾರು ಜನರ ಅನ್ನದ ಚಿಂತೆಯಲ್ಲಿದ್ದ ಈ ಮನುಷ್ಯನಿಗೆ ತನ್ನ ಊಟದಲ್ಲಿ ರುಚಿಯೇ ಇರಲಿಲ್ಲ. ಅವನ ಸಂಗಡಿಗನಾದ ಸ್ಪೇನಿನ ಆಲಾವ ಎಂಬ ಸರದಾರನು, ಪಯಣ ಎಷ್ಟು ಹೊತ್ತಿಗೆಂದು ಕೇಳಿದರೆ ಬೆಳಕು ಹರಿಯುವಾಗ, ಊಟಕ್ಕೇನೆಂದು ಕೇಳಿದರೆ ತಣ್ಣಗಿನ ಮಾಂಸ ಎಂಬ ಎರಡೇ ಉತ್ತರಗಳನ್ನು ಕೇಳಿ ಕೇಳಿ ಬೇಸತ್ತನೆಂದು ಪ್ರತೀತಿ. 1815ರ ವಾಟರ್ಲೂ ಗೆಲುವಿನ ಬಳಿಕ ವೆಲ್ಲೆಸ್ಲಿ ರಾಜಕಾರಣಕ್ಕಿಳಿದು 1828ರಲ್ಲಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾದನು. 1852ರ ಸೆಪ್ಟೆಂಬರ್ 14ರಂದು ತೀರಿಕೊಂಡನು. ಅವನ ಹಳೆಯ ಸಹಚರ ನಿಪ್ಪಾಣಿಯ ದೇಸಾಯಿ 1839ರಲ್ಲಿಯೇ ಗತಿಸಿದ್ದನು. ಆ ಸಂಸ್ಥಾನ ಕಂಪನಿಯ ವಶವಾಗಿತ್ತು.

ನಮ್ಮ ರಾಜ್ಯಗಳನ್ನು ಕಸಿದುಕೊಂಡವನ ಗುಣವನ್ನು ನಾವೇಕೆ ಎಣಿಸಬೇಕೆಂದು ಒಮ್ಮೆ ವಿದ್ಯಾರ್ಥಿಯೊಬ್ಬನು ಕೇಳಿದನು. ಕೇಳತಕ್ಕ ಪ್ರಶ್ನೆಯೇ. ವೆಲ್ಲೆಸ್ಲಿ ರೊಕ್ಕ ಕೊಟ್ಟು ಕಾಳು ಕೊಂಡುದು ನಮ್ಮ ರೈತನ ಮೇಲಿನ ಕರುಣೆಯಿಂದಲ್ಲ. ಅದು ಗೆಲ್ಲುವ ಉಪಾಯ. ಆ ರೊಕ್ಕವೂ ಬಹುಮಟ್ಟಿಗೆ ಈ ದೇಶದ್ದೇ. ಅವನಿಗೆ ಅನ್ನವಿತ್ತ ಮೈಸೂರಿನ ಎತ್ತು, ಲಮಾಣಿಗರ ಹೇರು, ಕೃಷ್ಣೆಯ ಹರಿಗೋಲು ಎಲ್ಲವೂ ನಮ್ಮವೇ. ಅವುಗಳಿಂದಲೇ ನಮ್ಮನ್ನು ಗೆದ್ದನು. ಇಷ್ಟನ್ನೂ ಒಪ್ಪಿಕೊಂಡ ಮೇಲೆಯೂ ಒಂದು ಮಾತು ಉಳಿಯುತ್ತದೆ. ನಮ್ಮ ಸವಾರನ ಬುತ್ತಿ ಹಗುರವಾಗಿದ್ದುದು ಅದರ ಭಾರವನ್ನು ರೈತನ ಬೆನ್ನಿಗೆ ಹೇರಿದ್ದರಿಂದ. ಪರದೇಶದವನು ಆ ಭಾರವನ್ನು ಎತ್ತಿನ ಬೆನ್ನಿಗೆ ಹೇರಿ ಲೆಕ್ಕ ಬರೆದನು. ತನ್ನ ಹಳ್ಳಿಯನ್ನು ತಾನೇ ತಿಂದ ದಂಡಿಗೆ ಹಳ್ಳಿಯ ನೆರವು ದೊರೆಯಲಿಲ್ಲ. ನಮ್ಮ ಸೋಲಿನ ಕಾರಣಗಳಲ್ಲಿ ಇದೂ ಒಂದೆಂದು ನನ್ನ ನಂಬಿಕೆ.

ಮುಂದೆ ಮೈಸೂರಿನಲ್ಲಿಯೇ ರಕ್ಷಣಾ ಆಹಾರ ಸಂಶೋಧನಾಲಯ ಹುಟ್ಟಿತು. 1961ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ವಿಜ್ಞಾನಿಗಳು ತಿಂಗಳುಗಟ್ಟಲೆ ಕೆಡದ ಚಪಾತಿಯನ್ನೂ, ಪೊಟ್ಟಣ ಬಿಚ್ಚಿ ಉಣ್ಣಬಹುದಾದ ಅನ್ನ ಪಲ್ಯಗಳನ್ನೂ ಸೈನಿಕರಿಗಾಗಿ ರೂಪಿಸಿದ್ದಾರೆ. ನಮ್ಮ ತಾಲೂಕುಗಳಿಂದ ಸೈನ್ಯಕ್ಕೆ ಸೇರುವ ತರುಣರು ಹಿಮದ ಗಡಿಗಳಲ್ಲಿ ಅಂಥ ಪೊಟ್ಟಣಗಳನ್ನು ಬಿಚ್ಚುತ್ತಾರೆ. ರಜೆ ಮುಗಿಸಿ ಹೊರಡುವಾಗ ತಾಯಂದಿರು ಕಟ್ಟಿಕೊಡುವ ಕಟಕ ರೊಟ್ಟಿ, ಶೇಂಗಾ ಚಟ್ನಿಗಳೂ ಅವರ ಚೀಲದಲ್ಲಿರುತ್ತವೆ. ಹಗುರವಾಗಿರುವುದು, ಕೆಡದಿರುವುದು, ಒಲೆಯಿಲ್ಲದೆ ಉಣ್ಣಲು ಬರುವುದು ಎಂಬ ಮೂರು ಪರೀಕ್ಷೆಗಳಲ್ಲಿಯೂ ನಮ್ಮ ಕಟಕ ರೊಟ್ಟಿ ಹಿಂದೆ ಬೀಳುವುದಿಲ್ಲ.

ಜೋಳವಾಳಿಯ ಧರ್ಮವನ್ನು ಹೇಳಿದ ಹಳೆಯ ಕವಿಗಳು ಋಣವು ಒಡೆಯನಿಗೆ ಸಲ್ಲತಕ್ಕುದೆಂದು ಬಗೆದರು. ಒಡೆಯನ ಕಣಜಕ್ಕೆ ಆ ಜೋಳ ಎಲ್ಲಿಂದ ಬಂದಿತೆಂದು ಅವರು ಕೇಳಲಿಲ್ಲ. ಒಡೆಯರು ಹೋದರು, ಕಂಪನಿಯೂ ಹೋಯಿತು. ಅಥಣಿಯ ಎರೆಹೊಲದಲ್ಲಿ ಜೋಳ ಬಿತ್ತುವವನು ಇನ್ನೂ ಇದ್ದಾನೆ. ಸೈನಿಕನೂ, ಅವನ ಕಾವಲಿನಲ್ಲಿ ನೆಮ್ಮದಿಯಾಗಿ ಉಣ್ಣುವ ನಾವೂ ಸಲ್ಲಿಸಬೇಕಾದ ಜೋಳವಾಳಿ ಅವನಿಗೇ ಸೇರಬೇಕಾದುದು.